ಗುರುವಾರದ ಎರಡು ಖಾಲಿ ನಂಬರು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವಳು ನನ್ನ ಜೊತೆ ಕೆಲಸ ಮಾಡುತ್ತಿದ್ದ ಮುಬೀನಾ. ಅವಳು ಹೇಳುವುದಿಲ್ಲ. ನಾನು ಹೇಳಿದರೆ, ತನ್ನ ತಪ್ಪು ತೊಳೆದುಕೊಳ್ಳಲು ಬರೆದಿದ್ದಾಳೆ ಎಂದು ಯಾರಾದರೂ ಅಂದಾರು. ಅದು ಪೂರ್ತಿ ಸುಳ್ಳು ಎಂದು ನಾನೂ ಎದೆ ಮುಟ್ಟಿ ಹೇಳಲಾರೆ. ಹಗಲು ಕೆಲಸ ಮಾಡಿ ಸಂಜೆ ಕ್ಲಾಸಿನಲ್ಲಿ ಕಲಿತವಳು ನಾನು, ಬರೆಯುವುದು ರೂಢಿಯಿಲ್ಲ. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನನ್ನ ಹೆಸರು ರಾಜೇಶ್ವರಿ. ಬಸವನ ಬಾಗೇವಾಡಿಯಲ್ಲಿ ಒಂದು ಸೇವಾ ಸಂಸ್ಥೆಯ ಕಚೇರಿಯಲ್ಲಿ ಕೆಲಸ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಕಿಡ್ನಿ ಕೆಟ್ಟವರನ್ನು ಹಳ್ಳಿಯಿಂದ ವಿಜಯಪುರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ದು, ಮತ್ತೆ ಮನೆ ಮುಟ್ಟಿಸುವುದು ಸಂಸ್ಥೆಯ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಹೀಗೆ ನಾಲ್ಕು ಊರಿಗೆ ನಾಲ್ಕು ಕಚೇರಿ, ನಾಲ್ಕು ವ್ಯಾನು. ಒಂದೊಂದು ಕಚೇರಿಯಲ್ಲಿ ಫೋನ್ ಎತ್ತಲು ಒಬ್ಬೊಬ್ಬರು. ರೋಗಿಯ ಕಡೆಯವರು ಹಿಂದಿನ ದಿನ ಫೋನ್ ಮಾಡಿ ಹೆಸರು ಹಚ್ಚಬೇಕು. ನಾವು ಕಂಪ್ಯೂಟರಿನ ಫಾರ್ಮಿನಲ್ಲಿ ಹೆಸರು, ಊರು, ಫೋನ್ ನಂಬರು ತುಂಬಿ ಸೇವ್ ಒತ್ತಿದರೆ ಆಯಿತು. ಯಾವ ಸೀಟು, ಎಷ್ಟು ಗಂಟೆಗೆ, ಡ್ರೈವರನ ಮೊಬೈಲಿಗೆ ಏನು ಮೆಸೇಜು ಹೋಗಬೇಕು, ಎಲ್ಲವನ್ನೂ ಸಾಫ್ಟ್‌ವೇರೇ ಮಾಡುತ್ತದೆ. ಅದಕ್ಕೆ ಮೊದಲೇ ಬರೆದಿಟ್ಟ ನಿಯಮಗಳಿರುತ್ತವೆ, ರೂಲ್ ಅನ್ನುತ್ತೇವೆ. ಒಂದರ ಹಿಂದೆ ಒಂದು, ಸಾಲಾಗಿ ಓಡುತ್ತವೆ.

ಇದು ಬರುವ ಮುಂಚೆ ನಮ್ಮಲ್ಲಿ ದಪ್ಪ ರಿಜಿಸ್ಟರ್ ಇತ್ತು. ದಿನಾ ಹೊಸ ಪುಟದ ತಲೆಗೆ ನಾವು ‘ಶ್ರೀ’ ಎಂದು ಬರೆದು ಕೆಳಗೆ ರೋಗಿಗಳ ಹೆಸರು ಬರೆಯುತ್ತಿದ್ದೆವು. ಮುದ್ದೇಬಿಹಾಳದ ಕಚೇರಿಯಲ್ಲಿ ಫೋನ್ ಎತ್ತುವ ಮುಬೀನಾ, ಬಿಸ್ಮಿಲ್ಲಾದ ಬದಲು ಬರೆಯುವ ಅಂಕಿ ೭೮೬ ಬರೆಯುತ್ತಿದ್ದಳು. ಕಂಪ್ಯೂಟರಿನಲ್ಲಿ ಪುಟವೇ ಇಲ್ಲ, ತಲೆ ಎಲ್ಲಿಂದ ಬರಬೇಕು? ಮೊದಲ ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ಸಿಂದಗಿ ಕಚೇರಿಯ ಶ್ರೀಶೈಲಪ್ಪನವರು ಫೋನ್ ಮಾಡಿ, “ರಾಜೇಶ್ವರಿಬಾಯಿ, ಮುಂಜಾನೆದ್ದು ಮೊದ್ಲ ಬ್ಯಾನಿ ಬಿದ್ದವ್ರ ಹೆಸರು ಬರಿಯಾಕ ಕೈ ಏಳವಲ್ದ್ರೀ. ಅವ್ರಿಗೂ ಛಲೋ ಅಲ್ಲ, ನಮಗೂ ಛಲೋ ಅಲ್ಲ,” ಎಂದರು. ನನಗೂ ಹಾಗೇ ಅನಿಸಿತ್ತು. ಅಂದಿನಿಂದ ನಾಲ್ಕೂ ಕಡೆ ದಿನದ ಮೊದಲ ಎಂಟ್ರಿ ದೇವರದು. ಹೆಸರಿನ ಜಾಗದಲ್ಲಿ ಶ್ರೀ, ಅಥವಾ ೭೮೬. ಫೋನ್ ನಂಬರು ಖಾಲಿ ಬಿಟ್ಟರೆ ಫಾರ್ಮು ಸೇವ್ ಆಗುವುದಿಲ್ಲವಾದ್ದರಿಂದ ನಮ್ಮ ನಮ್ಮ ಕಚೇರಿಯ ನಂಬರನ್ನೇ ಹಾಕುತ್ತಿದ್ದೆವು.

ನಮ್ಮ ಡ್ರೈವರ್ ಬಾಬುಲಾಲ ಒಂದು ದಿನ ಮೊಬೈಲು ಹಿಡಿದುಕೊಂಡು ಬಂದ.

“ಬಾಯಾರ, ಈ ಶ್ರೀ ಅನ್ನಾವ್ರನ್ನ ಎಲ್ಲಿ ಹತ್ತಿಸ್ಕೋಬೇಕ್ರಿ? ದಿನಾ ಒಂದ್ ಸೀಟ್ ಹಿಡದಿರ್ತಾರ, ಒಂದ್ ದಿನಾನೂ ಬಂದಿಲ್ಲ ಪುಣ್ಯಾತ್ಮರು.”

“ಅವ್ರು ನಿನ್ನಕಿಂತ ಮೊದ್ಲ ಬಂದು ಕುಂತಿರ್ತಾರ. ನೀ ನೆಟ್ಟಗ ಹೊಡಿ ಸಾಕು.”

“ಹಂಗಾರ ನಡಕ ಎಲ್ಲೆರ ಇಳದು ಚಾ ಕುಡೀತಾರೇನ್ರಿ?”

ನಕ್ಕೆವು. ಆದರೆ ಅವನು ಹೋದ ಮೇಲೆ ನನ್ನ ನಗು ನಿಂತಿತು. ಸಾಫ್ಟ್‌ವೇರು ನಿಜವಾಗಿಯೂ ದಿನಾ ಒಂದು ಸೀಟನ್ನು ದೇವರಿಗೆ ಕೊಡುತ್ತಿತ್ತು. ಹಿಂದಿನ ವಾರವೇ ಇಂಗಳೇಶ್ವರದ ಒಬ್ಬರಿಗೆ ‘ಸೀಟು ತುಂಬಿದೆ’ ಎಂದು ಮೆಸೇಜು ಹೋಗಿತ್ತು. ಒಂದು ಸೀಟು ಖಾಲಿ ಓಡಿತ್ತು.

ನಾಲ್ಕು ಕಚೇರಿಯಲ್ಲಿ ರೂಲ್ ಬದಲಿಸುವ ಪಾಸ್‌ವರ್ಡು ಇದ್ದದ್ದು ನನ್ನೊಬ್ಬಳ ಬಳಿ. ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರು ಕಲಿತವಳೆಂದು ಮ್ಯಾನೇಜರ್ ಅನೀಲಕುಮಾರ ಸರ್ ಕೊಟ್ಟಿದ್ದರು. ಎರಡು ದಿನ ಯೋಚಿಸಿ, ಹಾಳೆಯ ಮೇಲೆ ಬರೆದು ನೋಡಿ, ಒಂದು ರೂಲ್ ಮಾಡಿದೆ. ಎಂಟ್ರಿಯಲ್ಲಿ ಕಚೇರಿಯದೇ ಫೋನ್ ನಂಬರಿದ್ದರೆ ಅದನ್ನು ಪೂಜೆಯ ಎಂಟ್ರಿ ಎಂದು ತಿಳಿದು ಅಲ್ಲೇ ಮುಚ್ಚಬೇಕು, ಮುಂದಿನ ಯಾವ ರೂಲೂ ಓಡಬಾರದು, ಪಟ್ಟಿಯಲ್ಲಿ ಕಾಣಬಾರದು. ಕಸ ಉಳಿಯಬಾರದು ಎಂದು ಇನ್ನೊಂದು ಸಾಲು ಸೇರಿಸಿದೆ: ಮೂವತ್ತು ದಿನವಾದ ಮೇಲೆ ಅಳಿಸಿಹಾಕಬೇಕು. ಇದನ್ನು ಎಲ್ಲಕ್ಕಿಂತ ಮೊದಲು ಓಡುವಂತೆ ಸಾಲಿನ ತಲೆಗೆ ಇಟ್ಟೆ. ಒಂದು ವಾರ ದಿನಾ ಪರೀಕ್ಷಿಸಿದೆ. ಸೀಟು ಉಳಿಯಿತು. ಬಾಬುಲಾಲ, “ಶ್ರೀ ಅವ್ರು ಊರು ಬಿಟ್ರೇನ್ರಿ?” ಎಂದು ಕೇಳಿದ. ಅದಕ್ಕೆ ನಾನು ಹೆಮ್ಮೆಪಟ್ಟೆ. ಅದನ್ನೂ ಬರೆದುಬಿಡಬೇಕು.

ಇದಾಗಿ ಮೂರು ತಿಂಗಳಿಗೆ ಆ ಗುರುವಾರ ಬಂತು.

ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯ ಶೇವಂತೆವ್ವ ಎಂಬ ಹೆಣ್ಣುಮಗಳು ಶುಕ್ರವಾರದ ಡಯಾಲಿಸಿಸ್‌ಗೆ ಹೆಸರು ಹಚ್ಚಲು ಪರಪ್ಪ ಎಂಬವರ ಕಿರಾಣಿ ಅಂಗಡಿಯಿಂದ ಫೋನ್ ಮಾಡಿದ್ದಳು. ಎರಡು ನಿಮಿಷ ಮಾತಾಡಿದ್ದು ಫೋನಿನ ದಾಖಲೆಯಲ್ಲಿತ್ತು. ಎತ್ತಿದವಳು ಮುಬೀನಾ. ಶುಕ್ರವಾರ ಮುಂಜಾನೆ ಶೇವಂತೆವ್ವ ಚೀಲ ಹಿಡಿದು ಊರ ಮುಂದಿನ ಕಟ್ಟೆಯ ಮೇಲೆ ಕುಳಿತಳು. ವ್ಯಾನು ಬರಲಿಲ್ಲ. ಮಧ್ಯಾಹ್ನದ ತನಕ ಕುಳಿತು ಎದ್ದುಹೋದಳು. ಶನಿವಾರ ಕಾಲು ಬಾತು ಉಸಿರು ಹಿಡಿಯಿತು. ಯಾರದೋ ಗಾಡಿಯಲ್ಲಿ ವಿಜಯಪುರಕ್ಕೆ ಒಯ್ದರು. ಎಂಟು ದಿನ ಐಸಿಯುನಲ್ಲಿದ್ದು ಬದುಕಿ ಬಂದಳು, ಆದರೆ ಅಂದಿನಿಂದ ಆಕೆ ತನ್ನ ಕಾಲ ಮೇಲೆ ನಡೆದಿಲ್ಲ.

ಮಗ ದೂರು ಕೊಟ್ಟ. ಕಂಪ್ಯೂಟರಿನಲ್ಲಿ ಹುಡುಕಿದರೆ ಶೇವಂತೆವ್ವನ ಹೆಸರೇ ಇಲ್ಲ. ಮುಬೀನಾ ಬರೆದೇನಿ ಎಂದಳು. ಕಾಣಲಿಲ್ಲ. ತೀರ್ಮಾನವಾಗುವ ತನಕ ಮನೆಯಲ್ಲಿರು ಎಂದು ಅವಳನ್ನು ಕಳಿಸಿದರು. ಅವಳ ಜಾಗಕ್ಕೆ ಭಾಗ್ಯಜ್ಯೋತಿ ಎಂಬ ಹೊಸ ಹುಡುಗಿ ಬಂದಳು. ಪೇಟೆಯಲ್ಲಿ ಮುಬೀನಾಳಿಗೆ, ಮುದುಕಿಯನ್ನು ಕೊಲ್ಲಲು ಹೋಗಿದ್ದವಳು ಎಂಬ ಹೆಸರು ಬಂತು.

ನಾನು ಆಗ ಪರೀಕ್ಷೆಗೆ ಓದುತ್ತಿದ್ದೆ. ಆ ಸಾಫ್ಟ್‌ವೇರಿನವರೇ ನಡೆಸುವ ಸರ್ಟಿಫಿಕೇಟ್ ಪರೀಕ್ಷೆ. ನಾಲ್ಕು ಕಚೇರಿಗೆ ಒಬ್ಬರಾದರೂ ಪಾಸಾದವರು ಇರಬೇಕು ಎಂದು ಅನೀಲಕುಮಾರ ಸರ್ ನನ್ನ ಹೆಸರು ಕೊಟ್ಟಿದ್ದರು. ಸಂಜೆ ಆರರಿಂದ ಎಂಟರವರೆಗೆ ಆನ್‌ಲೈನ್ ಪಾಠ. ಅದರಲ್ಲಿ ಎಲ್ಲರೂ ಹೆದರುವ ಭಾಗವೆಂದರೆ, ರೂಲ್ ಯಾಕೆ ಓಡಲಿಲ್ಲ ಎಂದು ಪತ್ತೆ ಹಚ್ಚುವುದು.

ಗುರುವಾರವಾಗಿ ಹದಿನೆಂಟು ದಿನಕ್ಕೆ ಮುಬೀನಾಳ ತಂದೆ ಕಾಸಿಂಸಾಬರು ಬಸ್ಸು ಹತ್ತಿ ನನ್ನ ಕಚೇರಿಗೆ ಬಂದರು. ಹೊಲಿಗೆ ಮಷೀನು ರಿಪೇರಿ ಮಾಡುವವರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಬಾಯಾರ, ನಮ್ಮ ಮುಬೀನಾ ಬರದೇನಿ ಅಂತಾಳ್ರಿ. ಆಕಿ ಸುಳ್ಳು ಹೇಳು ಪೈಕಿ ಅಲ್ಲ. ಮಷೀನ್ ಅಂದ್ಮ್ಯಾಲ ಒಳಗ ದಾರ ಸಿಗಾಕೊಂಡಿರ್ತೈತಿ, ಮ್ಯಾಲಿಂದ ಕಾಣೂದಿಲ್ಲ. ನಿಮಗ ಒಳಗಿಂದು ಗೊತ್ತೈತಂತ. ಒಂದೀಟು ಬಿಚ್ಚಿ ನೋಡ್ರಿ.”

“ನೋಡ್ತೇನ್ರಿ ಚಾಚಾ. ಪರೀಕ್ಷಾ ಒಂದ್ ಮುಗೀಲ್ರಿ.”

“ಯಾವಾಗ್ರಿ ಅದು?”

“ಇನ್ನ ಇಪ್ಪತ್ತು ದಿನ.”

ಅವರು ಬೆರಳು ಮಡಚಿ ಎಣಿಸಿದರು. “ಆತು ಬಿಡ್ರಿ. ಇಪ್ಪತ್ತು ದಿನ ಅಂದ್ರ ಏನಾತು,” ಎಂದು ಹೋದರು.

ಅವತ್ತು ನನಗೆ ಒಂದು ತಾಸು ಬಿಡುವಿತ್ತು. ನೋಡಬಹುದಿತ್ತು. ನೋಡಿದರೆ ಏನಾದರೂ ಸಿಕ್ಕೀತು, ಸಿಕ್ಕರೆ ವಿಚಾರಣೆ, ಓಡಾಟ, ಓದು ಹಾಳು ಎಂಬ ಹೆದರಿಕೆ. ನನ್ನ ರೂಲಿನ ಬಗ್ಗೆ ಅನುಮಾನವಿರಲಿಲ್ಲ. ದೇವರ ಎಂಟ್ರಿಗೂ ರೋಗಿಗೂ ಏನು ಸಂಬಂಧ?

ಮೂವತ್ಮೂರನೆಯ ದಿನ, ಮಂಗಳವಾರ ಸಂಜೆ, ಪಾಠದಲ್ಲಿ ಮೇಷ್ಟ್ರು ಹೀಗೆ ಹೇಳಿದರು: ಒಂದು ರೂಲ್ ಓಡಲಿಲ್ಲವೆಂದರೆ ಅದನ್ನೇ ದಿಟ್ಟಿಸುತ್ತ ಕೂರಬೇಡಿ, ಅದಕ್ಕಿಂತ ಮುಂಚೆ ಯಾವುದು ಓಡಿತು, ಅದು ಬಾಗಿಲು ಹಾಕಿಕೊಂಡಿತೇ, ಅದನ್ನು ನೋಡಿ. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಬರೆಯುವಾಗಲೇ ಸಾಲಿನ ತಲೆಗೆ ನಾನಿಟ್ಟ ರೂಲ್ ನೆನಪಾಯಿತು.

ಮುಬೀನಾಳಿಗೆ ಒಂದು ರೂಢಿಯಿತ್ತು. ಸ್ವಂತ ಫೋನಿಲ್ಲದೆ ಅಂಗಡಿಯಿಂದ ಮಾತಾಡುವವರ ಫಾರ್ಮಿನಲ್ಲಿ ಅವಳು ತನ್ನ ಮೊಬೈಲ್ ನಂಬರು ಹಾಕಿಕೊಳ್ಳುತ್ತಿದ್ದಳು. ಡ್ರೈವರು ತನಗೆ ಫೋನ್ ಮಾಡಲಿ, ತಾನು ಹೇಗಾದರೂ ಸುದ್ದಿ ಮುಟ್ಟಿಸುತ್ತೇನೆ ಎಂದು. ಇದು ನಮಗೆಲ್ಲ ಗೊತ್ತಿತ್ತು. ಆದರೆ ಆ ಗುರುವಾರದ ಹಿಂದಿನ ವಾರ ಅವಳೇ ನನಗೆ ಫೋನಿನಲ್ಲಿ ಹೇಳಿದ್ದಳು: “ಅಪ್ಪ ಬೈದಾರ್ರಿ ಅಕ್ಕಾರ. ಕಂಡಕಂಡವ್ರಿಗೆ ನಿನ್ನ ನಂಬರ್ ಯಾಕ ಹಂಚ್ತಿ ಅಂತ. ಇನ್ನ ಮ್ಯಾಲ ಹಾಕೂದಿಲ್ಲ.” ತನ್ನ ನಂಬರು ಹಾಕದಿದ್ದರೆ ಮತ್ತೆ ಯಾವುದನ್ನು ಹಾಕಿಯಾಳು? ಮೇಜಿನ ಮೇಲೆ ಬರೆದು ಅಂಟಿಸಿದ ನಂಬರೊಂದಿದೆ. ದಿನಾ ಮುಂಜಾನೆ ೭೮೬ರ ಮುಂದೆ ಹಾಕುವ ಕಚೇರಿಯ ನಂಬರು.

ಕಲಿಯುವವರಿಗೆಂದು ಸಾಫ್ಟ್‌ವೇರಿನ ಬೇರೆ ನಕಲೊಂದಿರುತ್ತದೆ. ಅದರಲ್ಲಿ ಏನು ಮಾಡಿದರೂ ನಿಜವಾದ ವ್ಯಾನು ಓಡುವುದಿಲ್ಲ. ನಮ್ಮ ರೂಲುಗಳನ್ನು ಅದಕ್ಕೆ ಹಾಕಿ, ಶೇವಂತೆವ್ವ ಎಂದು ಟೈಪು ಮಾಡಿ, ಮುದ್ದೇಬಿಹಾಳದ ಕಚೇರಿಯ ನಂಬರು ಕೊಟ್ಟು ಸೇವ್ ಒತ್ತಿದೆ. ‘ಉಳಿಸಲಾಗಿದೆ’ ಎಂದು ಹಸಿರು ಅಕ್ಷರದಲ್ಲಿ ಬಂತು. ಪಟ್ಟಿ ನೋಡಿದೆ. ಶೇವಂತೆವ್ವ ಇರಲಿಲ್ಲ.

ಮತ್ತೆ ನಿಜವಾದ ಸಾಫ್ಟ್‌ವೇರಿಗೆ ಬಂದು, ಮುಚ್ಚಿದ ಎಂಟ್ರಿಗಳನ್ನು ತೆರೆದು ನೋಡಿದೆ. ನನ್ನೊಬ್ಬಳಿಗೇ ಅವು ಕಾಣುವುದು. ಶ್ರೀ, ಶ್ರೀ, ೭೮೬, ಶ್ರೀ. ಕೆಳಗೆ ಮತ್ತೆ ಶ್ರೀ, ಶ್ರೀ. ಭಾಗ್ಯಜ್ಯೋತಿ ಬಂದ ಮೇಲೆ ಮುದ್ದೇಬಿಹಾಳದಲ್ಲೂ ಶ್ರೀ. ಸರಿಯಾಗಿ ಮೂವತ್ತು ದಿನದವು ಇದ್ದವು. ಆ ಗುರುವಾರದ್ದು ಶನಿವಾರವೇ ಅಳಿಸಿಹೋಗಿತ್ತು. ನಾನು ಹೇಳಿದ್ದನ್ನು ಅದು ಒಂದು ದಿನವೂ ಹಿಂದು ಮುಂದಾಗದಂತೆ ಮಾಡಿತ್ತು.

ಉಳಿದಿದ್ದು ಒಂದೇ. ಪ್ರತಿ ಎಂಟ್ರಿಗೂ ಒಂದು ಕ್ರಮಸಂಖ್ಯೆ ಇರುತ್ತದೆ, ಅಳಿಸಿದರೆ ಆ ಸಂಖ್ಯೆ ಖಾಲಿ ಉಳಿಯುತ್ತದೆ. ಮುದ್ದೇಬಿಹಾಳದ ಹಳೆಯ ದಿನಗಳನ್ನು ಒಂದೊಂದಾಗಿ ನೋಡಿದೆ. ದಿನಕ್ಕೆ ಒಂದೇ ಖಾಲಿ, ಅದು ೭೮೬. ಆ ಗುರುವಾರ ಎರಡು ಖಾಲಿ ಇದ್ದವು.

ನಾನು ಅತ್ತೆನೆಂದು ಬರೆದರೆ ದೊಡ್ಡ ಮಾತಾಗುತ್ತದೆ. ಸಾಫ್ಟ್‌ವೇರಿನವರ ಸಹಾಯದ ನಂಬರಿಗೆ ಫೋನ್ ಮಾಡಿದೆ. ಅತ್ತ ಕಡೆಯ ಹುಡುಗ ತಾಳ್ಮೆಯಿಂದ ಹೇಳಿದ: “ಮೇಡಂ, ಹೊಸ ಫಾರ್ಮು ತೆರೆದ ಕೂಡಲೇ ನಂಬರು ಖರ್ಚಾಗುತ್ತದೆ. ಸೇವ್ ಮಾಡದೆ ಮುಚ್ಚಿದರೂ ಅದು ಖಾಲಿಯೇ. ಖಾಲಿ ನಂಬರು ನೋಡಿ ಸೇವ್ ಆಗಿತ್ತು ಅಂತ ಹೇಳಲಿಕ್ಕೆ ಬರೋದಿಲ್ಲ.”

ಬುಧವಾರ ರಜೆ ಹಾಕಿ ಮುದ್ದೇಬಿಹಾಳಕ್ಕೆ ಹೋದೆ. ಮುಬೀನಾಳ ಮನೆಯಲ್ಲಿ ಅವಳ ತಾಯಿ ಅಖ್ತರಬೇಗಂ ಚಹಾ ಕೊಟ್ಟು, ನಮ್ಮಿಬ್ಬರನ್ನು ಬಿಟ್ಟು ಒಳಗೆ ಹೋದರು. ನಾನು ಎಲ್ಲ ಹೇಳಿದೆ, ರೂಲ್ ನನ್ನದೆಂದೂ ಹೇಳಿದೆ. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಅವಳು, “ಅಲ್ರಿ ಅಕ್ಕಾರ, ನೀವು ಸೀಟ್ ಉಳಸಾಕ ಮಾಡೀರಿ,” ಎಂದಳು.

ಅಲ್ಲಿಂದಲೇ ಪರಪ್ಪನವರ ಅಂಗಡಿಗೆ ಫೋನ್ ಹಚ್ಚಿದೆ. ಎತ್ತಿದ ಕೂಡಲೇ ರೇಗಿದರು. “ಈ ನಂಬರ್‌ಗೆ ಮಾಡಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕ್ರಿ! ಅಂಗಡಿ ನಡಸ್ಲ್ಯೋ ನಿಮ್ಮ ಟಪಾಲ್ ಹಂಚ್ಲ್ಯೋ? ಆ ದಿನಾನೂ ಮುದುಕಿಗೆ ಹೇಳಿದ್ನಿ, ನನ್ನ ನಂಬರ್ ಕೊಡಬ್ಯಾಡ ಬೇ ಅಂತ.” ಅದೇ ಮಾತು ನನಗೆ ಬೇಕಾಗಿತ್ತು. ಅಂದರೆ ಮುಬೀನಾ ಅಂಗಡಿಯ ನಂಬರು ಹಾಕಿರಲಿಲ್ಲ. ಆದರೂ ಪರಪ್ಪ ಗೊಣಗುತ್ತಲೇ ಫೋನನ್ನು ಎದುರು ಮನೆಯ ಶೇವಂತೆವ್ವನಿಗೆ ಒಯ್ದು ಕೊಟ್ಟರು.

“ಆ ಹುಡುಗಿ ಬರಕೊಂಡಾಳವ್ವ,” ಎಂದಿತು ಬತ್ತಿದ ದನಿ. “ಟಕ್ ಟಕ್ ಅಂತ ಸಪ್ಪಳ ನಾ ಕೇಳೇನಿ. ನನ್ನ ಹೆಸರು ಉದ್ದ ಐತೆಲ್ಲ, ಭಾಳೊತ್ತು ಟಕ್ ಟಕ್ ಅಂತಿತ್ತು. ಆಕೀನ ಕೆಲಸದಿಂದ ತಗದಾರಂತ? ಯಾಕವ್ವ ಪಾಪ? ನಾ ಸತ್ತಿಲ್ಲಲ್ಲ.”

ಫೋನ್ ಇಟ್ಟು ಮುಬೀನಾಳ ಕಡೆ ನೋಡಿದೆ. “ನಾಳೆ ಅನೀಲಕುಮಾರ ಸರ್ ಕಡೆ ಹೋಗ್ತೇನಿ. ಅವ್ರು ನಿನ್ನ ಕೇಳ್ತಾರ, ಆಫೀಸ್ ನಂಬರ್ ಹಾಕಿ ಸೇವ್ ಒತ್ತಿದ್ಯಾ ಅಂತ. ಹೌದು ಅನ್ನು. ಅಷ್ಟ ಸಾಕು.”

ಅವಳು ಕಪ್ಪಿನ ತಳ ನೋಡುತ್ತ ಕುಳಿತಳು.

“ಅಕ್ಕಾರ, ಮೊದಮೊದ್ಲ ನನಗ ಖಾತ್ರಿ ಇತ್ರಿ. ಎಲ್ಲಾರೂ ಒತ್ತಿಲ್ಲ, ಒತ್ತಿಲ್ಲ ಅಂದಂದು ಈಗ ಹೆಂಗಾಗೇತಿ ಅಂದ್ರ, ಆ ದಿನ ನೆನಸ್ಕೊಂಡ್ರ ಹೆಸರು ಬರದದ್ದು ಕಾಣ್ತೈತಿ, ಊರು ಬರದದ್ದು ಕಾಣ್ತೈತಿ. ನಂಬರ್ ಹತ್ರ ಬಂದು ನಿಂತಿದ್ದೂ ಕಾಣ್ತೈತಿ, ಯಾವ್ದ್ ಹಾಕಲಿ ಅಂತ. ಅಷ್ಟ್ರಾಗ ಮತ್ತೊಂದು ಫೋನ್ ಬಂದಿತ್ತು. ಮುಂದಿಂದು ಕಾಣವಲ್ದ್ರಿ.”

“ಕಾಣದಿದ್ರೂ ಒತ್ತಿರ್ತಿ. ನೀ ಯಾವತ್ತು ಬಿಟ್ಟಿ?”

“ಒತ್ತಿರ್ತೇನಿ ಅನ್ನೂದು ಬ್ಯಾರೆ, ಒತ್ತೇನಿ ಅನ್ನೂದು ಬ್ಯಾರೆ ಅಲ್ರೇನ್ರಿ?”

ನಾನು ಚೀಲ ಎತ್ತಿಕೊಂಡು ಎದ್ದೆ. ಆದರೂ ಬಾಗಿಲ ತನಕ ಮೂರು ಸಲ ಹೇಳಿದೆ, ಹೌದು ಅನ್ನು, ಹೌದು ಅನ್ನು ಎಂದು.

ಮರುದಿನ, ಗುರುವಾರ, ವಿಜಯಪುರದ ಮುಖ್ಯ ಕಚೇರಿಯಲ್ಲಿ ಅನೀಲಕುಮಾರ ಸರ್ ನನ್ನ ಹಾಳೆಗಳನ್ನು ಪೂರ್ತಿ ಓದಿದರು. ಅವರು ಕೆಟ್ಟವರಲ್ಲ. ನಕಲಿನಲ್ಲಿ ಮಾಡಿ ತೋರಿಸಿದಾಗ ಹುಬ್ಬು ಏರಿತು.

“ಅಂದ್ರ ತಪ್ಪು ನಿಮ್ಮದಂತೀರಿ?”

“ಇರಬಹುದ್ರಿ ಸರ.”

“ಇರಬಹುದು ಅಂತ ಬರಕೊಂಡು ಟ್ರಸ್ಟಿನವ್ರ ಮುಂದ ಹೆಂಗ ಹೋಗ್ಲಿ ರಾಜೇಶ್ವರಿ? ಹಿಂಗ ಆಗಾಕ ಸಾಧ್ಯ ಐತಿ ಅಂತ ತೋರಿಸೀರಿ. ಹಿಂಗ ಆಗೇತಿ ಅನ್ನಾಕ ಏನೈತಿ? ದಾಖಲೆ ಎಲ್ಲೈತಿ?”

“ನನ್ನ ರೂಲೇ ಅಳಿಸೇತ್ರಿ.”

“ಗೆಳತಿನ್ನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ ಅಂತಾರ. ಮುಂದ ಇಬ್ರನ್ನೂ ತಗೀತಾರ.” ಹಾಳೆಗಳನ್ನು ಇನ್ನೊಮ್ಮೆ ತಿರುವಿದರು. “ಒಂದು ಮಾತು. ಆಕಿ ತಾನಾಗಿ, ಹೌದು, ಆಫೀಸ್ ನಂಬರ್ ಹಾಕಿ ಸೇವ್ ಮಾಡೇನಿ ಅಂದ್ರ ನಾ ಅದನ್ನ ಹೇಳಿಕೆ ಅಂತ ಬರಸ್ತೇನಿ. ಎರಡು ಖಾಲಿ ನಂಬರ್, ಮುದುಕಿ ಮಾತು, ಈಕಿ ಹೇಳಿಕೆ. ನಡೀಬಹುದು.”

ಸ್ಪೀಕರಿಗೆ ಹಾಕಿ ಫೋನ್ ಮಾಡಿದರು. ಕೇಳಿದರು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ.

“ನೆನಪಿಲ್ರಿ ಸರ,” ಎಂದಳು ಮುಬೀನಾ.

“ವಿಚಾರ ಮಾಡಿ ಹೇಳವ್ವ. ಅವಸರಿಲ್ಲ.”

“ವಿಚಾರ ಮಾಡೇನ್ರಿ. ಒಂದು ತಿಂಗಳಿಂದ ಅದನ್ನ ಮಾಡಾಕತ್ತೇನಿ. ನೆನಪಿಲ್ರಿ.”

ಸರ್ ಫೋನ್ ಇಟ್ಟರು. ನನ್ನ ಹಾಳೆಗಳನ್ನು ಜೋಡಿಸಿ ನನಗೇ ಮರಳಿ ಕೊಟ್ಟರು. “ಆ ರೂಲ್ ಇವತ್ತ ತಗೀರಿ,” ಎಂದರು. “ಮತ್ತ ಆ ದೇವರ ಎಂಟ್ರಿನೂ ಬಂದ್. ನಾಲ್ಕೂ ಕಡೆ.”

ಭಾನುವಾರ ಪರೀಕ್ಷೆ. ಅರವತ್ತು ಪ್ರಶ್ನೆ, ಗಣಕಯಂತ್ರದ ಮುಂದೆ ಎರಡು ತಾಸು. ನಲವತ್ತರ ಸುಮಾರಿನ ಒಂದು ಪ್ರಶ್ನೆ ಹೀಗಿತ್ತು: ಬಳಕೆದಾರರು ವಿನಂತಿಯನ್ನು ಉಳಿಸಿದ್ದೇವೆ ಎನ್ನುತ್ತಾರೆ, ಪಟ್ಟಿಯಲ್ಲಿ ಅದು ಕಾಣುತ್ತಿಲ್ಲ, ದಾಖಲೆಗಳು ಅಳಿಸಿಹೋಗಿವೆ, ಅತ್ಯಂತ ಸಂಭವನೀಯ ಕಾರಣ ಯಾವುದು? ನಾಲ್ಕು ಉತ್ತರ ಕೊಟ್ಟಿದ್ದರು. ‘ಬಳಕೆದಾರರು ಉಳಿಸಿಯೇ ಇಲ್ಲ’ ಎಂಬುದು ಒಂದು. ‘ಮುಂಚಿನ ರೂಲ್ ವಿನಂತಿಯನ್ನು ಮುಚ್ಚಿ ಮುಂದಿನವನ್ನು ತಡೆದಿದೆ’ ಎಂಬುದು ಇನ್ನೊಂದು. ನಾನು ಎರಡನೆಯದನ್ನು ಒತ್ತಿದೆ. ಪರೀಕ್ಷೆಯಲ್ಲಿ ಅದು ಸರಿ. ಪರೀಕ್ಷೆಗೆ ಸಂಭವನೀಯ ಎಂಬುದು ಸಾಕು. ನೂರಕ್ಕೆ ಎಂಬತ್ಮೂರು ಬಂತು.

ಮರುವಾರ ಮುಬೀನಾಳನ್ನು ತೆಗೆದ ಕಾಗದ ಹೊರಟಿತು. ಅದೇ ವಾರ ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮುಖ್ಯ ಕಚೇರಿಯ ಗೋಡೆಗೆ ಹಾಕಿದರು. ಪೇಢೆ ಹಂಚಿದರು; ನಾನೂ ಒಂದು ತಿಂದೆ. ಬೇಡವೆನ್ನಲು ಧೈರ್ಯವಾಗಲಿಲ್ಲ.

ಕಾಸಿಂಸಾಬರು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಫೋನ್ ಮಾಡಿದ್ದರು, ಪರೀಕ್ಷೆಯ ಮರುದಿನ. “ಬಾಯಾರ, ಪರೀಕ್ಷಾ ಛಲೋ ಆತ್ರೇನು?” ಎಂದರು. ಆತ್ರಿ ಎಂದೆ. “ಒಳಗ ನೋಡಿದ್ರಂತ, ಮುಬೀನಾ ಹೇಳಿದ್ಲು. ಭಾಳ ಉಪಕಾರ ಆತ್ರಿ,” ಎಂದರು. ಅವರು ಕಚೇರಿಗೆ ಬಂದ ದಿನವೇ ನಾನು ನೋಡಿದ್ದರೆ ಆ ಎಂಟ್ರಿ ಇತ್ತೋ ಇಲ್ಲವೋ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು, ಅಳಿಸಿಹೋಗಲು ಇನ್ನೂ ಹನ್ನೆರಡು ದಿನ ಬಾಕಿ ಇದ್ದವು ಎಂದು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಇಂದಿನವರೆಗೂ ಹೇಳಿಲ್ಲ.

ಈಗ ಮುಂಜಾನೆ ಮೊದಲ ಎಂಟ್ರಿ ರೋಗಿಯದೇ. ಬರೆಯುವ ಮುಂಚೆ ಕೈ ಒಂದು ಕ್ಷಣ ನಿಲ್ಲುತ್ತದೆ. ಶೇವಂತೆವ್ವನನ್ನು ಈಗ ಇಬ್ಬರು ಎತ್ತಿ ವ್ಯಾನಿಗೆ ಹತ್ತಿಸುತ್ತಾರಂತೆ. ಮುಬೀನಾ ಬೇರೆ ಕೆಲಸ ಹುಡುಕಿಲ್ಲ. ಹುಡುಕು ಎಂದರೆ, “ಅಲ್ಲೂ ಒಂದು ಸೇವ್ ಇರ್ತೈತೆಲ್ರಿ ಅಕ್ಕಾರ,” ಅನ್ನುತ್ತಾಳೆ.

ಆ ಗುರುವಾರದ ಎರಡನೆಯ ಖಾಲಿ ನಂಬರಿನಲ್ಲಿ ಶೇವಂತೆವ್ವನ ಹೆಸರು ಇತ್ತೇ, ಅದನ್ನು ನನ್ನ ರೂಲ್ ನುಂಗಿತೇ, ಅಥವಾ ಇನ್ನೊಂದು ಫೋನು ಬಂದ ಗದ್ದಲದಲ್ಲಿ ಮುಬೀನಾ ಸೇವ್ ಒತ್ತುವುದನ್ನೇ ಮರೆತಳೇ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ತಿಳಿದುಕೊಳ್ಳುವ ದಾರಿ ಈಗ ಉಳಿದಿಲ್ಲ.